ಹೆಂಚಿನ ಪಾಚಿಗೆ ಯಾವ ಬಣ್ಣ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸುವವರು ಬದಿಯಡ್ಕ ಕಡೆಯ ನಿವೃತ್ತ ಗಣಿತ ಮಾಸ್ಟ್ರು. ಯಾರ ಹತ್ತಿರವೂ ಕಲಿಯದೆ ಹಳೆ ಮನೆಗಳ ಚಿತ್ರ ಬರೆಯುತ್ತಾ ಬಂದವರು.

ಪ್ರಶ್ನೆ: ಅಜ್ಜನ ಮನೆಯನ್ನು ಮುಂದಿನ ವರ್ಷ ಕೆಡವುತ್ತಾರೆ. ಅದಕ್ಕೆ ಮೊದಲು ಜಲವರ್ಣದಲ್ಲಿ ಬರೆದಿಟ್ಟುಕೊಳ್ಳುವ ಆಸೆ. ನಾಲ್ಕು ಸಲ ಬರೆದೆ. ನಾಲ್ಕೂ ಕ್ಯಾಲೆಂಡರ್ ಚಿತ್ರದ ಹಾಗೆ ಬಂದಿವೆ. ನಾನು ಎಲ್ಲೂ ಕಲಿತವಳಲ್ಲ, ಅದಕ್ಕೇ ಹೀಗಾಯಿತಾ?
– ಓದುಗರೊಬ್ಬರು, ಪೆರ್ಲ

ಉತ್ತರ: ನೀವು ಕಳಿಸಿದ ಚಿತ್ರ ನೋಡಿದೆ. ಕೈ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಮಾಡಿನಲ್ಲಿ, ಅಂದರೆ ಹೆಂಚಿನ ಸೂರಿನಲ್ಲಿ. ಒಂದೊಂದೇ ಹೆಂಚು ಎಣಿಸಿ ಬರೆದಿದ್ದೀರಿ, ಎಲ್ಲದಕ್ಕೂ ಒಂದೇ ಕೆಂಪು. ನಮ್ಮ ಕಡೆ ಮಾಡು ಹಾಗೆ ಕೆಂಪಗಿರುವುದು ಹೊಸ ಹೆಂಚು ಹೊದೆಸಿದ ವರ್ಷ ಮಾತ್ರ. ನಾಲ್ಕು ಮಳೆಗಾಲ ಕಳೆಯಲಿ, ಮರದ ನೆರಳಿರುವ ಕಡೆ ಪಾಚಿ, ಉಳಿದ ಕಡೆ ಕಪ್ಪು. ಅಡಿಗೆಮನೆಯ ಮೇಲೆ ಹೊಗೆ ಹೆಂಚಿನ ಸಂದಿಯಿಂದಲೇ ಹೊರಬರುತ್ತದೆ, ಅಲ್ಲಿನ ಬಣ್ಣವೇ ಬೇರೆ.

ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಸ್ವಲ್ಪ ಅಲ್ಟ್ರಾಮರೀನ್ ನೀಲಿ ಸೇರಿಸಿ. ಮಾಡು ಪೂರ್ತಿ ಒಂದೇ ಓಟಕ್ಕೆ ಹಚ್ಚಿ. ಇನ್ನೂ ಪಸೆ ಇರುವಾಗ ಅಲ್ಲಲ್ಲಿ ಸ್ಯಾಪ್ ಗ್ರೀನ್ ಮುಟ್ಟಿಸಿ ಸುಮ್ನೆ ಕೂತುಕೊಳ್ಳಿ. ಪಾಚಿ ತಾನೇ ಹರಡುತ್ತದೆ. ಹೆಂಚಿನ ಸಾಲು ಎರಡು ಕಡೆ ತೋರಿಸಿದರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣು ತುಂಬಿಸಿಕೊಳ್ಳುತ್ತದೆ.

ಇನ್ನೊಂದು ವಿಷಯ. ನಾನು ಕುಂಚ ಹಿಡಿದದ್ದು 41ನೇ ವಯಸ್ಸಿಗೆ, ಮಗಳು ಬಿಟ್ಟುಹೋದ ಬಣ್ಣದ ಡಬ್ಬಿಯಿಂದ. ಶುರುವಿನಲ್ಲೊಮ್ಮೆ ಪರಿಚಯದ ಅಜ್ಜಿಯೊಬ್ಬರ ಮನೆಯನ್ನು ನೆನಪಿನಿಂದ ಬರೆದು, ಜಂಬದಲ್ಲೇ ಅವರಿಗೆ ಕೊಂಡೊಯ್ದೆ. ಅವರು ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು. "ಚಂದ ಉಂಟು ಮಾಸ್ಟ್ರೇ, ಯಾರ ಮನೆ ಇದು?" ಅಂದರು. ಅಂಗಳದಲ್ಲಿ ನಾನೊಂದು ಬಾವಿ ಬರೆದಿದ್ದೆ, ರಾಟೆ, ಕೊಡಪಾನ ಎಲ್ಲ ಸೇರಿಸಿ. ಅವರ ಮನೆಗೆ ಬಾವಿಯೇ ಇರಲಿಲ್ಲ! ನೀರು ಬರುತ್ತಿದ್ದದ್ದು ಹಿಂದಿನ ಗುಡ್ಡೆಯ ಸುರಂಗದಿಂದ. ಮುರಕಲ್ಲು, ಅಂದರೆ ನಮ್ಮ ಕಡೆಯ ಕೆಂಪು ಕಲ್ಲು ಕೊರೆದು, ಒಬ್ಬ ಆಳು ನುಗ್ಗುವಷ್ಟು ಅಗಲಕ್ಕೆ, ಅಡ್ಡಕ್ಕೆ ಒಳಗೆ ಹೋದ ಸುರಂಗ. ಅದರ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬಂದು ಕಲ್ಲಿನ ಮರಿಗೆಗೆ ಬೀಳುತ್ತಿತ್ತು. ಆ ಮನೆಯಲ್ಲಿ ಎಷ್ಟು ಸಲ ನೀರು ಕುಡಿದಿದ್ದೇನೋ! ಆದರೂ ಹಳ್ಳಿಮನೆ ಅಂದರೆ ಬಾವಿ ಇರಲೇಬೇಕು ಅಂತ ಕೈ ತಾನೇ ಬರೆದುಬಿಟ್ಟಿತು.

ನಿಮ್ಮ ಚಿತ್ರದಲ್ಲಿ ಎತ್ತಿನ ಗಾಡಿ ಇದೆ. ಆ ಗುಡ್ಡೆ ದಾರಿಯಲ್ಲಿ ಗಾಡಿ ಮನೆವರೆಗೆ ಬರುತ್ತಿತ್ತಾ? ನಿಮ್ಮ ಅಮ್ಮನನ್ನು ಕೇಳಿ. ಫೋಟೋ ಪಕ್ಕಕ್ಕಿಟ್ಟು ಒಂದು ಬೆಳಗ್ಗೆ ಅಂಗಳದಲ್ಲೇ ಕೂತು ಬರೆಯಿರಿ. ಕರೆಂಟ್ ಮೀಟರ್, ಕೊಟ್ಟಿಗೆಗೆ ಹೊದೆಸಿದ ನೀಲಿ ಟರ್ಪಾಲು ಕಂಡರೆ ಅವನ್ನೂ ಬಿಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಚಿತ್ರಗಳಿಗೆ ಬೂಸ್ಟು ಹಿಡಿಯುತ್ತದೆ. ಏನು ಮಾಡುವುದು?
– ಓದುಗರೊಬ್ಬರು, ಕುಂಬಳೆ

ಉತ್ತರ: ಒಂದು ಆಟಿ ತಿಂಗಳಲ್ಲಿ ನನ್ನ ಏಳು ಚಿತ್ರ ಹೋಗಿವೆ. ಚಿತ್ರ ಗಾಜಿಗೆ ತಾಗಬಾರದು, ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು ಇರಲಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬೂಚಿನ ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿ ಆಡುತ್ತದೆ. ಮಳೆಗೆ ಒದ್ದೆಯಾಗುವ ಹೊರಗೋಡೆಗಂತೂ ತೂಗುಹಾಕಲೇಬೇಡಿ.

ಪ್ರಶ್ನೆ: ಹಳೆ ಮನೆ ಚಂದ ಅಂತೀರಿ. ಅಂಥ ಮನೆಯ ಅಂಗಳಕ್ಕೆ ಸೆಗಣಿ ಸಾರಿಸಿಯೇ ನನ್ನಮ್ಮನ ಬೆನ್ನು ಬಾಗಿತು. ನಿಮ್ಮ ಚಿತ್ರದಲ್ಲಿ ಅವರೆಲ್ಲಿ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಇಲ್ಲ. ನಿಮ್ಮ ಕಾಗದ ಓದಿದ ಮೇಲೆ ಕಪಾಟಿನಿಂದ ಎಲ್ಲವನ್ನೂ ಇಳಿಸಿ ನೋಡಿದೆ. ಅರುವತ್ತು ಚಿತ್ರದಲ್ಲಿ ಮನುಷ್ಯರಿರುವುದು ಒಂಬತ್ತರಲ್ಲಿ. ಅದರಲ್ಲಿ ಎಂಟು, ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವ ಗಂಡಸರದ್ದು. ಜನರನ್ನು ಬರೆಯಲು ಬರುವುದಿಲ್ಲ ಅಂತ ಹೇಳಿಕೊಂಡು ಬಂದಿದ್ದೆ. ಎಲೆ ಅಡಿಕೆಯವರನ್ನು ಬರೆಯಲು ಬಂತಲ್ವಾ?

ಈಗ ಸಾರಿಸುವ ಹೆಂಗಸಿನ ಚಿತ್ರ ಶುರುಮಾಡಿದ್ದೇನೆ. ಸೆಗಣಿಗೆ ಮಸಿ ಬೆರೆತ ಆ ಕಡುಹಸಿರು ಬಂದಿದೆ. ಅಡಿಕೆ ಹಾಳೆಯ ತುಂಡು ಎಳೆದಲ್ಲೆಲ್ಲ ಬಿಲ್ಲಿನ ಹಾಗೆ ಬಾಗಿದ ಗೆರೆಗಳೂ ಬಂದಿವೆ. ಮೊಣಕೈ ಮಾತ್ರ ಬರುತ್ತಿಲ್ಲ. ನಿಮ್ಮಮ್ಮ ಸಾರಿಸುವಾಗ ಇನ್ನೊಂದು ಕೈಯನ್ನು ಎಲ್ಲಿ ಊರಿಕೊಳ್ಳುತ್ತಿದ್ದರು, ಮೊಣಕಾಲಿಗೋ, ನೆಲಕ್ಕೋ? ಕೇಳಿ ಬರೆಯಿರಿ, ಅಲ್ಲಿವರೆಗೆ ಮುಂದುವರಿಸುವುದಿಲ್ಲ.