ಕಾಲಲ್ಲಿ ನರ ಉಬ್ಬಿದೆ, ನಿಂತು ನಿಂತೇ ಹೀಗಾಯ್ತಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 38 ವರ್ಷ, ಸೀರೆ ಅಂಗಡೀಲಿ ಸೇಲ್ಸ್ ಕೆಲಸ, ಇಡೀ ದಿನ ನಿಂತಿರ್ಬೇಕು. ಎರಡನೇ ಹೆರಿಗೆ ಆದಾಗಿಂದ ಎಡಗಾಲಿನ ಮೀನಖಂಡದಲ್ಲಿ ನರ ಗಂಟುಗಂಟಾಗಿ ಉಬ್ಬಿದೆ, ಸಂಜೆ ಆದ್ರೆ ಕಾಲು ಭಾರ. ಅಮ್ಮಂಗೂ ಹೀಗೇ ಇತ್ತು. ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿದ್ದಕ್ಕೇ ಬಂದಿದ್ದು ಅಂತಾರೆ ಅತ್ತೆ. ಕೆಲಸ ಬಿಟ್ಬಿಡ್ಲಾ?

ಉತ್ತರ: ಬಿಡೋದೇನೂ ಬೇಡಮ್ಮ. ಇದು ವೆರಿಕೋಸ್ ವೇನ್ಸ್ ಥರ ಕಾಣ್ಸುತ್ತೆ. ಕಾಲಿಂದ ರಕ್ತ ಮೇಲೆ ಹೃದಯಕ್ಕೆ ಏರ್ಬೇಕಲ್ಲ, ಅದು ವಾಪಸ್ ಕೆಳಗೆ ಇಳೀದಿರ್ಲಿ ಅಂತ ರಕ್ತನಾಳದೊಳಗೆ ಚಿಕ್ಕ ಚಿಕ್ಕ ವಾಲ್ವ್ ಇರ್ತವೆ, ಅವು ಸರಿಯಾಗಿ ಮುಚ್ಚದೇ ಹೋದ್ರೆ ರಕ್ತ ಕೆಳಗೇ ನಿಂತು ನಾಳ ಹಿಗ್ಗಿ ಸುತ್ತಿಕೊಳ್ಳುತ್ತೆ. ನಿಮ್ಮ ವಿಷಯದಲ್ಲಿ ನಂಗೆ ಜಾಸ್ತಿ ಅನುಮಾನ ಇರೋದು ಅಮ್ಮನ ಕಡೆಯಿಂದ ಬಂದಿದ್ದು ಮತ್ತೆ ಬಸಿರು, ಇವೆರಡರ ಮೇಲೆ. ಬಸುರಿಯಾದಾಗ ಮೈಯಲ್ಲಿ ರಕ್ತ ಹೆಚ್ಚಾಗುತ್ತೆ, ಪ್ರೊಜೆಸ್ಟರಾನ್ ಹಾರ್ಮೋನು ನಾಳದ ಗೋಡೆ ಸಡಿಲ ಮಾಡುತ್ತೆ, ಬೆಳೀತಿರೋ ಗರ್ಭಕೋಶ ಸೊಂಟದ ಹತ್ರ ನಾಳಗಳನ್ನ ಒತ್ತುತ್ತೆ, ಅದಕ್ಕೇ ಒಂದೊಂದು ಬಸಿರಿಗೂ ರಿಸ್ಕ್ ಏರ್ತಾ ಹೋಗೋದು. ಎಷ್ಟೋ ಜನಕ್ಕೆ ಹೆರಿಗೆ ಆಗಿ ಕೆಲವು ತಿಂಗಳಲ್ಲಿ ಇಳಿಯುತ್ತೆ, ನಿಮಗೆ ಇಳಿದಿಲ್ಲ. ವಯಸ್ಸು, ತೂಕ, ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವೂ ಕಾರಣ ಆಗ್ತವೆ. ಅತ್ತೆ ಹೇಳಿದ್ದಕ್ಕೆ ಮಾತ್ರ ಗಟ್ಟಿ ಆಧಾರ ಇಲ್ಲ.

ಇನ್ನು ನಿಲ್ಲೋದು. ನಡೆದಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತಾನ ಮೇಲೆ ತಳ್ಳುತ್ತೆ, ಕೌಂಟರ್ ಹಿಂದೆ ಅಲ್ಲಾಡದೇ ನಿಂತಾಗ ಆ ಪಂಪ್ ಬಂದ್. ಹಾಗಾಗಿ ಗಿರಾಕಿ ಇಲ್ದಾಗ ನಾಲ್ಕು ಹೆಜ್ಜೆ ಓಡಾಡಿ, ಹಿಮ್ಮಡಿ ಎತ್ತಿ ಇಳಿಸಿ, ಆಗಾಗ ಕೂರಿ. (ಅಂಗಡಿ ಕೆಲಸದವರಿಗೆ ಕೂರೋಕೆ ಜಾಗ ಕೊಡ್ಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನೇ ಮಾಡಿದ್ವು, ನಿಮ್ಮ ಓನರ್ ಕಿವಿಗೂ ಹಾಕಿ.) ರಾತ್ರಿ ದಿಂಬಿಟ್ಟು ಕಾಲು ಎತ್ತರಕ್ಕಿಟ್ಕೊಳ್ಳಿ. ಕಾಲನ್ನ ಬಿಗಿಯಾಗಿ ಹಿಡಿಯೋ ಸ್ಟಾಕಿಂಗ್ಸ್ ಮಾತ್ರ ನೀವೇ ಮೆಡಿಕಲ್‌ನಲ್ಲಿ ತಗೊಂಡು ಹಾಕ್ಬೇಡಿ, ಮೊದಲು ವ್ಯಾಸ್ಕುಲರ್ ಸರ್ಜನ್ (ರಕ್ತನಾಳದ ಡಾಕ್ಟರ್) ಹತ್ರ ತೋರ್ಸಿ, ರಕ್ತ ಹೇಗೆ ಹರೀತಿದೆ ಅಂತ ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿದ್ರೆ ಯಾವ ವಾಲ್ವ್ ಸೋರ್ತಿದೆ ಅಂತ ಗೊತ್ತಾಗುತ್ತೆ.

ಕಾಲ್ಗಿಣ್ಣಿನ ಒಳಗಡೆ ಚರ್ಮ ಕಪ್ಪಾಗ್ತಿದ್ರೆ, ತುರಿಕೆ ಇದ್ರೆ, ಹುಣ್ಣು ಮಾಯ್ತಿಲ್ಲ ಅಂದ್ರೆ ತಡ ಮಾಡ್ಬೇಡಿ. ಒಂದೇ ಕಾಲು ಇದ್ದಕ್ಕಿದ್ದಂಗೆ ಊದಿ ನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಉಬ್ಬಿರೋ ನಾಳ ಒಡೆದು ರಕ್ತ ಬಂದ್ರೆ ಮಲಗಿ ಕಾಲು ಮೇಲೆತ್ತಿ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡೀರಿ, ಆಮೇಲೆ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಡಾಕ್ಟರ್ ಹತ್ರ ಹೋಗಿ.