ಎತ್ತಿಕೊಂಡರೆ ಮಗು ಕೆಡುತ್ತಾ?

ಮಂಡ್ಯದ ಓದುಗರೊಬ್ಬರ ಪತ್ರ: ಎರಡು ವರ್ಷದ ಮಗ ಸಂತೆಯಲ್ಲಿ ಬಲೂನಿಗೆ ರಚ್ಚೆ ಹಿಡಿದು ನೆಲದ ಮೇಲೆ ಹೊರಳಾಡಿದ. ಇವರು ಎತ್ತಿಕೊಂಡರು. “ಎತ್ಕಂಡು ಎತ್ಕಂಡೇ ಕೆಡಿಸ್ಬುಟ್ಟೆ” ಅಂದರಂತೆ ಅತ್ತೆ. ಇವನು ಸಿಟ್ಟು ತಡೆಯೋದನ್ನು ಕಲಿಯುವುದು ಯಾವಾಗ?

ತಾಯಿ, ತಡವಾಗಿಯೇ. ಸಿಟ್ಟಿಗೆ ಲಗಾಮು ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು 20 ದಾಟಿದ ಮೇಲೆ, ಹೆಚ್ಚುಕಮ್ಮಿ 25ರ ಹೊತ್ತಿಗೆ. ಸದ್ಯಕ್ಕೆ ಅವನು ಸಮಾಧಾನವನ್ನು ನಿಮ್ಮಿಂದಲೇ ಸಾಲ ತರಬೇಕು.

ಮಗು ಜಗುಲಿ ಹತ್ತಿರ ಮುಗ್ಗರಿಸಿ ಬಿದ್ದಾಗ ಗಮನಿಸಿದ್ದೀರಾ? ಎಷ್ಟೋ ಸಲ ತಕ್ಷಣ ಅಳುವುದಿಲ್ಲ. ಮೊದಲು ನಿಮ್ಮ ಮುಖ ನೋಡುತ್ತೆ. ನೀವು “ಅಯ್ಯೋ” ಅಂದಿರೋ, ಶುರು. ಅಮೆರಿಕದಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಮಕ್ಕಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟರು. ಅರ್ಧ ದಾರಿಯಲ್ಲಿ ಗಾಜಿನ ಕೆಳಗೆ ತಗ್ಗು ಕಾಣುತ್ತೆ. ಆಚೆ ಬದಿಯಲ್ಲಿ ಅಮ್ಮ. ಅವಳು ಮಾತಾಡುವ ಹಾಗಿಲ್ಲ, ಬರೀ ಮುಖಭಾವ. ನಗುಮುಖ ಕಂಡ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಕಂಡ 17ರಲ್ಲಿ ಒಂದೂ ದಾಟಲಿಲ್ಲ.

ನನ್ನ ಮಗಳೂ ದಸರಾ ವಸ್ತುಪ್ರದರ್ಶನದ ಗೇಟಿನಲ್ಲಿ ಹೀಗೇ ಹೊರಳಾಡಿದ್ದಳು. ನಾನು ಗದರಿದೆ. ಮನೆ ಸೇರುವವರೆಗೂ ಅಳು ನಿಲ್ಲಲಿಲ್ಲ. ನನ್ನ ಹತ್ತಿರವೇ ಇಲ್ಲದ್ದನ್ನು ಅವಳಿಗೆಲ್ಲಿಂದ ಕೊಡಲಿ?

ಎತ್ತಿಕೊಳ್ಳುವುದು ಬೇರೆ, ಬಲೂನು ಕೊಡಿಸುವುದು ಬೇರೆ. ಕೊಡಿಸಲ್ಲ ಅಂದ ಮೇಲೆ ಕೊಡಿಸಬೇಡಿ. ಅರಚುವಾಗ ಬುದ್ಧಿಮಾತೂ ಬೇಡ, ತಲೆಗೆ ಹತ್ತುವುದಿಲ್ಲ. ಉಸಿರು ತಹಬಂದಿಗೆ ಬಂದ ಮೇಲೆ, “ಬಲೂನು ಸಿಗಲಿಲ್ಲ, ಸಿಟ್ಟು ಬಂತು ಅಲ್ವಾ ಕಂದ?” ಅನ್ನಿ. ಒಳಗೆ ಕುದ್ದಿದ್ದಕ್ಕೆ ಸಿಟ್ಟು ಅಂತ ಹೆಸರಿದೆ ಎಂದು ಗೊತ್ತಾಗಲಿ.

ಅತ್ತೆಯವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಯಜಮಾನರನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ, ತೊಟ್ಟಿಲು ತೂಗಿ ಸಮಾಧಾನ ಮಾಡಿದವರು ಅವರೇ ತಾನೆ? ಆದರೆ “ಗುಮ್ಮ ಬತ್ತಾನೆ” ಅನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಾಯಿ ಮುಚ್ಚುತ್ತೆ, ನಿಜ. ಸಿಟ್ಟಿನ ಜೊತೆ ಭಯವೂ ಬಂದು ಕೂತಿತು, ಅಷ್ಟೇ.

ಇನ್ನೊಂದು ವಿಷಯ. ಅವನಿಗಿನ್ನೂ ನಾಲ್ಕೈದೇ ಪದ ಬರುತ್ತೆ ಅಂತ ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ್ದೀರಿ. ನನಗೆ ಬಲೂನಿಗಿಂತ ಆ ಸಾಲೇ ಮುಖ್ಯ ಅನ್ನಿಸಿತು. ಬೇಕು ಬೇಡ ಹೇಳಲು ಮಾತು ಸಾಲದ ಮಗು ರಚ್ಚೆ ಹಿಡಿಯುವುದು ಜಾಸ್ತಿ. ಎರಡು ತುಂಬುವ ಹೊತ್ತಿಗೆ “ಅಮ್ಮ ಬಾ” ಅಂತ ಎರಡು ಪದ ಜೋಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ, ಮಾತು ಎರಡನ್ನೂ ಒಮ್ಮೆ ತೋರಿಸಿಕೊಂಡು ಹೋಗಿ. ಬರುವಾಗ ಅತ್ತೆಯವರನ್ನೂ ಕರೆದುಕೊಂಡು ಬನ್ನಿ.