ದಾಳ ಬದಿಗಿಟ್ಟ ಪ್ರೇಮಕಥೆ

ಪ್ರಿಯ ಓದುಗರೇ,

‘ಟಸ್ಕ್ ಲವ್’ ಕಾದಂಬರಿಯ ವಿಮರ್ಶೆಗೆ ಎರಡು ಪುಟ ಕೊಟ್ಟಿದ್ದು ನಿಮಗೆ ಹಿಡಿಸಿಲ್ಲ. “ದಾಳ ಉರುಳಿಸುವ ಶೋ ಒಂದರಲ್ಲಿ ಹುಟ್ಟಿದ ಪೋಲಿ ಜೋಕು. ಅದನ್ನೇ ಪುಸ್ತಕ ಮಾಡಿ ಅಭಿಮಾನಿಗಳಿಗೆ ಮಾರುತ್ತಿದ್ದಾರೆ. ಇಂಥದ್ದಕ್ಕೆಲ್ಲ ಜಾಗ ಕೊಡಬೇಡಿ” ಎಂದು ಬರೆದಿದ್ದೀರಿ. ಕೊನೆಯ ಸಾಲಿನಲ್ಲಿ ಮಾತ್ರ, ಶೋ ನೋಡದವರಿಗೂ ಇದು ಅರ್ಥವಾಗುತ್ತದೆಯೇ ಎಂದು ಕೇಳಿದ್ದೀರಿ. ಬೈಯುತ್ತಲೇ ಕುತೂಹಲವನ್ನೂ ಉಳಿಸಿಕೊಂಡಿದ್ದೀರಿ, ಅಲ್ವಾ?

ಜೋಕಿನಿಂದ ಹುಟ್ಟಿದ್ದು ಎಂಬುದು ನಿಜ. ‘ಕ್ರಿಟಿಕಲ್ ರೋಲ್’ 2015ರಲ್ಲಿ ಶುರುವಾದ ಅಮೆರಿಕದ ಶೋ. ಕಾರ್ಟೂನು, ವಿಡಿಯೊ ಗೇಮ್‌ಗಳಿಗೆ ದನಿ ಕೊಡುವ ಕಲಾವಿದರು ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ಅದು. 2018ರಲ್ಲಿ ಶುರುವಾದ ಅವರ ಎರಡನೇ ಕಥೆಯಲ್ಲಿ ಜೆಸ್ಟರ್ ಎಂಬ ತುಂಟ ಹುಡುಗಿ ಬರುತ್ತಾಳೆ. ಆ ಪಾತ್ರ ಆಡಿದವರು ಲಾರಾ ಬೈಲಿ. ಜೆಸ್ಟರ್‌ಗೆ ಅಚ್ಚುಮೆಚ್ಚಿನ ಹಸಿಬಿಸಿ ಪುಸ್ತಕವೊಂದಿತ್ತು. ಅದೇ ‘ಟಸ್ಕ್ ಲವ್’. ಆಗ ಅದು ಕಥೆಯೊಳಗೆ ಮಾತ್ರ ಇದ್ದ ಪುಸ್ತಕ. 2025ರ ಜುಲೈನಲ್ಲಿ ನಿಜವಾಗಿಯೂ ಅಚ್ಚಾಗಿ ಬಂತು.

ಬರೆದವರು ಶೋದ ನಟರಲ್ಲ. ಫ್ಯಾಂಟಸಿ ರೊಮ್ಯಾನ್ಸ್ ಬರೆದು ಅದಾಗಲೇ ಹೆಸರು ಮಾಡಿದ್ದ ಫಿಲಿಪ್ಪೀನ್ಸ್ ಲೇಖಕಿ ಥಿಯಾ ಗ್ವಾನ್ಜಾನ್. ಸುಮ್ನೆ ಅಭಿಮಾನಿಗಳ ಜೇಬಿಗೆ ಕೈ ಹಾಕುವುದೇ ಉದ್ದೇಶವಾಗಿದ್ದರೆ ತೆಳ್ಳಗಿನ ತಮಾಷೆ ಪುಸ್ತಕವೇ ಸಾಕಾಗುತ್ತಿತ್ತು. ಜೋಕಿಗೆ ಒಂದು ಶೀರ್ಷಿಕೆ, ಎರಡು ಹೆಸರು, ನಾಲ್ಕು ಪೋಲಿ ಸಾಲು ಇದ್ದರೆ ಆಯಿತು. ಇಡೀ ಕಾದಂಬರಿಗೆ ಅದು ಸಾಲದು. ಈ ಇಬ್ಬರು ಯಾಕೆ ಒಂದಾಗಬಾರದು ಎಂಬುದಕ್ಕೆ ಗಟ್ಟಿ ಕಾರಣ ಬೇಕು. ಇಲ್ಲಿ ಅದು ಇದೆ. ಗ್ವಿನಿವಿಯರ್ ವ್ಯಾಪಾರಿಗಳ ಮಗಳು. ದೊಡ್ಡ ಮನೆತನಕ್ಕೆ ಸೊಸೆಯಾಗಿ ಹೋಗಿ ಅಪ್ಪ-ಅಮ್ಮನ ಅಂತಸ್ತು ಏರಿಸಬೇಕಾದವಳು. ದಾರಿಯಲ್ಲಿ ಜೊತೆಯಾಗುವ ಆಸ್ಕರ್ ಕೋರೆಹಲ್ಲಿನ ಅರೆ-ಆರ್ಕ್, ಅಂದರೆ ಅರ್ಧ ಮನುಷ್ಯ, ಅರ್ಧ ಫ್ಯಾಂಟಸಿ ಕಥೆಗಳ ರಾಕ್ಷಸ ಕುಲದವನು. (ಕೋರೆಹಲ್ಲಿದ್ದವನಿಗೆ ಮುತ್ತು ಕೊಡುವುದು ಹೇಗೆ ಎಂದು ನಿಮಗೂ ಅನ್ನಿಸಿರಬೇಕು. ನಮ್ಮ ಕಚೇರಿಯಲ್ಲಿ ಇದರ ಬಗ್ಗೆ ಬೇಕಾದ್ದಕ್ಕಿಂತ ಜಾಸ್ತಿ ಚರ್ಚೆ ಆಗಿದೆ.)

ಆಟದಿಂದ ಕಾದಂಬರಿ ಹುಟ್ಟುವುದು ಹೊಸತೇನಲ್ಲ. ಜಪಾನಿನ ‘ಕಾಂಪ್ಟಿಕ್’ ಪತ್ರಿಕೆ 1986ರಲ್ಲೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವಾಗಿನ ಮಾತುಕತೆಯನ್ನು ಧಾರಾವಾಹಿಯಾಗಿ ಅಚ್ಚು ಹಾಕಿತ್ತು. ಅದರಿಂದ ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿ ಸರಣಿ ಬೆಳೆಯಿತು. ಆದರೆ ಅಲ್ಲಿ ಇದ್ದದ್ದು ಯುದ್ಧ, ಸಾಹಸ. ಪ್ರೇಮಕ್ಕೆ ಬಂದಾಗ ಲೆಕ್ಕ ಬೇರೆ. ವಿಮರ್ಶೆಗೆ ಎರಡು ಪುಟ ಬಿಟ್ಟಿದ್ದೂ ಇದೇ ಕಾರಣಕ್ಕೆ.

ಮೇಜಿನ ಮೇಲಿನ ಆಟದ ಮಜಾ ಇರುವುದೇ ಮುಂದೇನು ಎಂದು ಯಾರಿಗೂ ಗೊತ್ತಿಲ್ಲದಿರುವುದರಲ್ಲಿ. ಆ ಎರಡನೇ ಕಥೆಯ ಆಟ ನಡೆಸಿದ ಮ್ಯಾಥ್ಯೂ ಮರ್ಸರ್‌ಗೂ ಪೂರ್ತಿ ಗೊತ್ತಿರಲಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಎಂಥ ವೀರನೂ ಮುಗ್ಗರಿಸುತ್ತಾನೆ. ಮೆಚ್ಚಿದ ಪಾತ್ರ ಸತ್ತೇ ಹೋಗಬಹುದು. ರೊಮ್ಯಾನ್ಸ್ ಓದುಗರು ಇದನ್ನು ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದಾಗಬೇಕು, ಸುಖವಾಗಿರಬೇಕು. ಅದು ಆ ಪ್ರಕಾರದ ಕರಾರು. ಏನಾಗುತ್ತದೆ ಎಂಬುದು ಮೊದಲೇ ಗೊತ್ತು, ಹೇಗೆ ಎಂಬುದಕ್ಕಾಗಿ ಪುಟ ತಿರುವುತ್ತಾರೆ. ಅಂದರೆ ಶೋ ಕೊಡುವ ಸುಖವನ್ನೇ ಪುಸ್ತಕ ಕೈಬಿಡಬೇಕಾಯಿತು. ಅದರ ಬದಲಿಗೆ ಬೇರೆ ಏನನ್ನೋ ಕೊಡಬೇಕು.

ಆ ಹಸಿಬಿಸಿ ದೃಶ್ಯಗಳ ಕೆಲಸ ಇರುವುದು ಇಲ್ಲಿ. ಆಟದ ಮೇಜಿನಲ್ಲಿ ಕೂತವರು ಸ್ನೇಹಿತರು, ಸಹೋದ್ಯೋಗಿಗಳು. ಎದುರಿಗೆ ಕ್ಯಾಮೆರಾ. ಪಾತ್ರಗಳು ಕೋಣೆಯ ಬಾಗಿಲು ಹಾಕಿಕೊಂಡರೆ ಆಟವೂ ಪರದೆ ಎಳೆದು ಮುಂದಿನ ದೃಶ್ಯಕ್ಕೆ ಹೋಗುತ್ತದೆ. ಹಾಗೆ ಮಾಡುವುದೇ ಸರಿ. ಕಾದಂಬರಿಗೆ ಆ ಸಂಕೋಚವಿಲ್ಲ, ಮನಸ್ಸಿನೊಳಗೂ ಇಳಿಯಬಹುದು. ಆದರೆ ನನ್ನ ಅಳತೆಗೋಲು ಒಂದೇ. ಬೆಳಗಾದ ಮೇಲೆ ಆ ಇಬ್ಬರ ನಡುವೆ ಏನಾದರೂ ಬದಲಾಗಿದೆಯೇ? ಬದಲಾಗಿದ್ದರೆ ಅದು ಕಥೆ. ಇಲ್ಲದಿದ್ದರೆ ಪುಟ ತುಂಬಿಸುವ ಕೆಲಸ, ಬರೆದವರು ಯಾರೇ ಇರಲಿ.

ಶೋ ನೋಡಿರಬೇಕೇ? ಬೇಡ. ಆ ಎರಡನೇ ಕಥೆಯಲ್ಲೇ 141 ಕಂತುಗಳಿವೆ, ಒಂದೊಂದೂ ಸಾಮಾನ್ಯವಾಗಿ ಮೂರು-ನಾಲ್ಕು ಗಂಟೆ. ಅಷ್ಟೆಲ್ಲ ಮುಗಿಸಿ ಬನ್ನಿ ಎಂದು ಯಾರಿಗೂ ಹೇಳಲಾರೆ. ಇದು ಜೆಸ್ಟರ್ ಓದುತ್ತಿದ್ದ ಕಥೆಯೇ ಹೊರತು ಜೆಸ್ಟರ್‌ಳ ಕಥೆಯಲ್ಲ.

ಇಂಥ ಪುಸ್ತಕಗಳ ವಿಮರ್ಶೆ ನಿಲ್ಲಿಸುವುದಿಲ್ಲ. ಇಂಥ ವಿಮರ್ಶೆಗೆ ಮೊದಲೇ ಎಚ್ಚರಿಕೆ ಹಾಕಿ ಎಂಬ ನಿಮ್ಮ ಇನ್ನೊಂದು ಸಲಹೆಗೆ ಮಾತ್ರ ಪೂರ್ತಿ ಒಪ್ಪಿಗೆ ಇದೆ. ಇದು ದೊಡ್ಡವರ ಪುಸ್ತಕ. ಮುಂದಿನ ಸಂಚಿಕೆಯಿಂದ ಇಂಥ ವಿಮರ್ಶೆಯ ತಲೆಯ ಮೇಲೆ ‘ವಯಸ್ಕರಿಗೆ ಮಾತ್ರ’ ಎಂದು ಹಾಕುತ್ತೇವೆ.

– ಸಂಪಾದಕ